ಶ್ರಾವಣ ಸೋಮವಾರದ ಸಾಕ್ಷಿ

ಆಗಸ್ಟ್ 12, 2024. ಸೋಮವಾರ, ಮಧ್ಯಾಹ್ನ

ಹಿಟ್ಟು ಹುಳಿ ಬಂದಿಲ್ಲ. ಈ ಥಂಡಿಗೆ ಬರುವುದೂ ಇಲ್ಲ. ಗ್ಯಾಸಿನವನೂ ಬಂದಿಲ್ಲ. ಫೋನ್ ಮಾಡಿದರೆ "ಆನ್ ದಿ ವೇ ಮೇಡಂ" ಅನ್ನುತ್ತಾನೆ. ಶನಿವಾರದಿಂದ ಆನ್ ದಿ ವೇ.

ಬೆಳಿಗ್ಗೆ ಇವರ ಸ್ಕೂಟರ್‌ನಲ್ಲಿ ಜಯನಗರಕ್ಕೆ ಹೋಗಿ ಬಂದೆ. ಜೀವ ಕೈಯಲ್ಲಿ ಹಿಡಿದುಕೊಂಡು. ಗುಡಿ ಕಂಡಲ್ಲೆಲ್ಲ ಇವರ ಬಲಗೈ ಹ್ಯಾಂಡಲ್ ಬಿಡುತ್ತದೆ — ಹಣೆ ಮುಟ್ಟಿ, ಎದೆ ಮುಟ್ಟಿ, ಮತ್ತೆ ಹ್ಯಾಂಡಲ್. ಕುಮಾರಸ್ವಾಮಿ ಲೇಔಟಿನಿಂದ ಜಯನಗರದವರೆಗೆ ಗುಡಿಗಳಿಗೇನು ಬರವೇ? ಹಿಂದೆ ಕೂತ ನಾನು ಸೀಟು ಬಿಗಿಯಾಗಿ ಹಿಡಿದು ಎಲ್ಲ ದೇವರಿಗೂ ಒಂದೇ ಪ್ರಾರ್ಥನೆ ಸಲ್ಲಿಸುತ್ತೇನೆ, ಮನೆ ಮುಟ್ಟಿಸಪ್ಪಾ ಅಂತ.

"ರೀ, ಮನಸ್ಸಲ್ಲೇ ನಮಸ್ಕಾರ ಮಾಡ್ಬಾರ್ದಾ?" ಅಂದೆ.

"ನಿಂಗೆ ಭಯ ಜಾಸ್ತಿ, ಭಕ್ತಿ ಕಮ್ಮಿ" ಅಂದರು.

ಇರಲಿ. ಸಂಜೆ ಈಶ್ವರನ ಗುಡಿಗೆ ನಡೆದೇ ಹೋಗುವುದು. ಎರಡು ಕ್ರಾಸ್ ಅಷ್ಟೆ.


ಆಗಸ್ಟ್ 13, ಮಂಗಳವಾರ, ಬೆಳಿಗ್ಗೆ

ಬರೆದುಬಿಡುತ್ತೇನೆ. ತಲೆಯಲ್ಲೇ ಇಟ್ಟುಕೊಂಡರೆ ಹುಚ್ಚು ಹಿಡಿಯುತ್ತದೆ.

ನಿನ್ನೆ ಸಂಜೆ ಮಂಗಳಾರತಿ ಮುಗಿಸಿ ಗುಡಿಯ ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಂದು ಸ್ಕೂಟರ್ ಬಂತು. ಹೆಲ್ಮೆಟ್ ಹಾಕಿಕೊಂಡಿದ್ದ ಗಂಡಸು, ಬೆನ್ನಿಗೆ ಆಫೀಸ್ ಬ್ಯಾಗು. ವೇಗವೇನೂ ಇರಲಿಲ್ಲ. ಗುಡಿಯ ಎದುರು ಬರುತ್ತಿದ್ದ ಹಾಗೆ ಬಲಗೈ ಬಿಟ್ಟರು. ಹಣೆಗೆ... ಎದೆಗೆ. ಮುಖ ಗುಡಿಯ ಕಡೆ. ಅಂದರೆ ನನ್ನ ಕಡೆ. ಆ ಕೈ ಎದೆಯ ಹತ್ತಿರ ಇರುವಾಗಲೇ ಎದುರಿನ ಕ್ರಾಸ್‌ನಿಂದ ಬಿಳಿ ಕಾರು ಹೊರಗೆ ಬಂತು. ಮೇನ್ ರೋಡ್ ಅಂತ ನಿಲ್ಲಿಸಲಿಲ್ಲ, ಹಾರ್ನ್ ಇಲ್ಲ. ಸೀದಾ ಬಲಕ್ಕೆ ತಿರುಗಿತು. ಅದರ ಹೆಡ್‌ಲೈಟು ನನ್ನ ಕಣ್ಣಿಗೇ ಹೊಡೆಯಿತು. ಆಮೇಲೆ ಸದ್ದು.

ಫುಟ್‌ಪಾತಿನ ಕಲ್ಲಿಗೆ ಬಿದ್ದರು. ಗುಡಿ ಮುಂದೆ ಹೂವು ಮಾರುವ ಮುನಿಯಣ್ಣ ಓಡಿ ಬಂದ, ನಾನೂ ಓಡಿದೆ. ಹೆಲ್ಮೆಟ್ ತೆಗೆಯಬೇಡಿ ಅಂತ ಯಾರೋ ಕೂಗಿದರು, ತೆಗೆಯಿರಿ ಅಂತ ಇನ್ಯಾರೋ. ಆಟೋಗೆ ಎತ್ತಿ ಹಾಕಿದರು. ಕಾರಿನ ಹುಡುಗ ಬಾಗಿಲು ತೆರೆದು ರಸ್ತೆಯಲ್ಲೇ ಕುಸಿದು ಕೂತಿದ್ದ. ಜನ ಅವನ ಸುತ್ತ ಸೇರಿ ಹೊಡೆಯುವುದಕ್ಕೆ ಹೋದರು, ಮುಖ ಸರಿಯಾಗಿ ಕಾಣಿಸಲಿಲ್ಲ.

ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರಂತೆ. ವಿಜಯಕುಮಾರ್ ಅಂತ ಹೆಸರು. ಇಲ್ಲೇ ಹಿಂದಿನ ರಸ್ತೆ. ಮಗಳು ಸೆಕೆಂಡ್ ಪಿಯುಸಿ.

ಬೆಳಿಗ್ಗೆ ಪ್ರಸಾದದ ಬಾಳೆಹಣ್ಣು ಹಾಗೇ ಬ್ಯಾಗಿನಲ್ಲಿತ್ತು. ತಿನ್ನಲಾಗಲಿಲ್ಲ, ಎಸೆಯಲೂ ಆಗಲಿಲ್ಲ.


ಆಗಸ್ಟ್ 14, ಬುಧವಾರ

ಪೊಲೀಸಿನವರು ಮನೆಗೇ ಬಂದರು. ಮುನಿಯಣ್ಣ ನನ್ನ ಹೆಸರು ಹೇಳಿ ತಾನು ಜಾರಿಕೊಂಡಿದ್ದಾನೆ. "ನಾನು ಹೂ ಕಟ್ತಿದ್ದೆ ಸಾರ್, ತಲೆ ಎತ್ತಿರ್ಲಿಲ್ಲ" ಅಂದನಂತೆ. ಜಾಣ.

ಕಾರು ನಿಲ್ಲಿಸದೆ ಬಂತು ಅಂದೆ. ಕಾನ್‌ಸ್ಟೇಬಲ್ ಬರೆದುಕೊಂಡು ಓದಿ ಹೇಳಿದ, "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು..."

"ಅತಿವೇಗ ಅಂತ ನಾನು ಹೇಳ್ಲಿಲ್ವಲ್ಲಪ್ಪಾ?"

"ಎಲ್ಲಾ ಕೇಸಲ್ಲೂ ಹಿಂಗೇ ಬರೆಯೋದು ಮೇಡಂ. ಇದೇ ಫಾರ್ಮ್ಯಾಟು."

ಸ್ಕೂಟರಿನವರ ಕೈ ವಿಷಯ ಅವನು ಕೇಳಲಿಲ್ಲ. ನಾನು ಹೇಳಲಿಲ್ಲ. ಸತ್ತವರ ಮೇಲೆ ಯಾಕೆ ಹಾಕುವುದು ಅಂತ ಸುಮ್ಮನಾದೆ. ಕೇಳಿದ್ದರೆ ಹೇಳುತ್ತಿದ್ದೆ... ಹೇಳುತ್ತಿದ್ದೆನಾ?


ಆಗಸ್ಟ್ 19, ಸೋಮವಾರ

ಇವರ ಪಾರ್ಕಿನ ಬೆಂಚಿನಲ್ಲಿ ಕೇಸು ತೀರ್ಮಾನವಾಯಿತಂತೆ. ಏಳು ಜನ ರಿಟೈರ್ಡು ಗಂಡಸರು, ವಾಕಿಂಗ್ ಕಡಿಮೆ, ಬೈಠಕ್ ಜಾಸ್ತಿ. ಅವರಲ್ಲಿ ಸಿದ್ದಲಿಂಗಯ್ಯನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು, ಕಾನೂನಿನ ಕೊನೆಯ ಮಾತು ಅವರದೇ.

"ಅಮೆರಿಕದಲ್ಲಾಗಿದ್ರೆ ಇದಕ್ಕೆ ಜ್ಯೂರಿ ಕೂರ್ತಿತ್ತು ಕಣೇ" ಅಂದರು ಇವರು, ಕಾಫಿ ಕುಡಿಯುತ್ತ. "ಹನ್ನೆರಡು ಜನ, ನಮ್ಮಂಥೋರೇ. ತಪ್ಪು ಯಾರದು ಅಂತ ಅವರೇ ಹೇಳೋದು. ನಮ್ಮಲ್ಲೂ ಹಿಂದೆ ಇತ್ತಂತೆ, ಕೊಲೆ ಕೇಸಿಗೆಲ್ಲ. ತೆಗೆದುಬಿಟ್ರು."

"ಎಲ್ಲಾ ಕೇಸಿಗೂ ಹನ್ನೆರಡು ಜನ ಬೇಕಾ?"

"ಸಿದ್ದಲಿಂಗಯ್ಯ ಹೇಳ್ತಾರೆ, ಹಾಗಲ್ವಂತೆ. ನೋಡಿದ ತಕ್ಷಣ ಯಾರಿಗಾದ್ರೂ ಒಂದೇ ಉತ್ತರ ಹೊಳೆದ್ರೆ ಜಡ್ಜ್ ಒಬ್ರೇ ಸಾಕು. ಇಬ್ಬರು ನ್ಯಾಯಸ್ಥರು ಕೂತು ಎರಡು ಉತ್ತರ ಹೇಳೋ ಹಾಗಿದ್ರೆ, ಆಗ ಜ್ಯೂರಿಗೆ ಬಿಡ್ಬೇಕು. ಇದ್ರಲ್ಲಿ ಅದೂ ಬೇಡ. ಏಳಕ್ಕೆ ಏಳೂ ಓಟು ಕಾರಿನವನ ಮೇಲೇ. ದುಡ್ಡಿನ ಮದ. ಒಳಗೆ ಹಾಕ್ಬೇಕು."

ಯಾರೂ ನೋಡಿಲ್ಲ, ಎಲ್ಲರಿಗೂ ಗೊತ್ತು. ನೋಡಿದವಳು ಒಗ್ಗರಣೆ ಹಾಕುತ್ತಿದ್ದೇನೆ, ನನಗೆ ಗೊತ್ತಿಲ್ಲ. ಒಂದೇ ತಲೆಯೊಳಗೆ ಇಬ್ಬರು ನ್ಯಾಯಸ್ಥರು ಕೂತು ಜಗಳವಾಡುತ್ತಿದ್ದಾರೆ. ಕಾರು ನಿಲ್ಲಿಸಬೇಕಿತ್ತು. ನಿಜ. ಕೈ ಹ್ಯಾಂಡಲ್ ಮೇಲಿದ್ದರೆ ಬ್ರೇಕ್ ಹಿಡಿಯಬಹುದಿತ್ತು. ಅದೂ ನಿಜ.


ಆಗಸ್ಟ್ 25, ಭಾನುವಾರ

ವಿಜಯಕುಮಾರ್ ಹೆಂಡತಿ ಬಂದಿದ್ದರು. ಜಯದೇವಿ. ಜೊತೆಗೆ ಮಗಳು ಪ್ರೇರಣಾ. ಹುಡುಗಿ ಕೂರಲಿಲ್ಲ, ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಿತ್ತು. ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದೇ ಕೂತರು.

"ಕೊನೇಲಿ ಏನಾದ್ರೂ ಅಂದ್ರಾ ಅಮ್ಮಾ?"

"ಇಲ್ಲಮ್ಮ. ಪ್ರಜ್ಞೆ ಇರ್ಲಿಲ್ಲ."

ತಲೆ ಎತ್ತದೆ, "ಅವ್ರ ಕೈ... ಎರಡೂ ಕೈ ಹ್ಯಾಂಡಲ್ ಮೇಲೇ ಇತ್ತಾ?"

ಯಾರೋ ಏನೋ ಹೇಳಿದ್ದಾರೆ. ಗಂಡನದೇ ತಪ್ಪು ಅಂತ ಆಗುತ್ತದೋ ಅನ್ನುವ ಭಯ ಪಾಪ. ಆ ಮುಖ ನೋಡಿ ನನ್ನ ಬಾಯಿಗೆ ಬಂದದ್ದು — "ಹೂಂ ಕಣಮ್ಮ. ಎರಡೂ ಕೈ ಹ್ಯಾಂಡಲ್ ಮೇಲೇ ಇತ್ತು. ಅವರದ್ದೇನೂ ತಪ್ಪಿಲ್ಲ."

ಆಕೆ ನನ್ನನ್ನು ಒಂದು ಗಳಿಗೆ ನೋಡಿದರು. "ಆಯ್ತಮ್ಮ" ಅಂದರು. ಲೋಟ ಕೆಳಗಿಟ್ಟು ಎದ್ದರು. ಕಾಫಿ ಮುಟ್ಟಿರಲಿಲ್ಲ.

ಒಂದು ಸುಳ್ಳಿನಿಂದ ಒಂದು ಜೀವಕ್ಕೆ ನೆಮ್ಮದಿ ಸಿಗುವುದಾದರೆ ಸಿಗಲಿ. ಹಾಗಂದುಕೊಂಡೆ. ಊಟ ಮಾತ್ರ ಸೇರಲಿಲ್ಲ.


ಸೆಪ್ಟೆಂಬರ್ 3, ಮಂಗಳವಾರ

ಪಾರ್ಕಿನಿಂದ ಇವರು ಬೇಗ ಬಂದರು. ಮುಖ ಸಪ್ಪಗಿತ್ತು.

"ಆ ಕಾರಿನ ಹುಡುಗ ಯಾರು ಗೊತ್ತೇನೇ? ವಿಶ್ರುತ್. ನಿನ್ನ ಜೊತೆ ಭಜನೆಗೆ ಬರೋ ಶರ್ವಾಣಿ ಇದಾಳಲ್ಲ, ಅವಳ ಮಗ!"

ಶರ್ವಾಣಿ ಜೆ.ಪಿ. ನಗರದವಳು. ಭಜನಾ ಮಂಡಳಿಯಲ್ಲಿ ನನ್ನ ಪಕ್ಕವೇ ಕೂರುತ್ತಾಳೆ. ಮೂರು ವಾರದಿಂದ ಬಂದಿರಲಿಲ್ಲ. ಹುಷಾರಿಲ್ಲ ಅಂದುಕೊಂಡಿದ್ದೆ. ಅವಳ ಮಾವ ಬದುಕಿದ್ದಾಗ ಇದೇ ಬೆಂಚಿನಲ್ಲಿ ಕೂರುತ್ತಿದ್ದರು, ಏಳು ಜನರಿಗೂ ಬೇಕಾದವರು.

ಇವತ್ತು ಬೆಂಚಿನ ತೀರ್ಪೇ ಬೇರೆ. ಹುಡುಗ ಒಳ್ಳೆಯವನು. ಆ ಕ್ರಾಸೇ ಸರಿಯಿಲ್ಲ, ಮರ ಅಡ್ಡ ಇದೆ. ಸ್ಕೂಟರಿನವರು ಫೋನ್ ನೋಡುತ್ತಿದ್ದಿರಬೇಕು, ಇಲ್ಲದಿದ್ದರೆ ಅಷ್ಟು ದೊಡ್ಡ ಕಾರು ಕಾಣುವುದಿಲ್ಲವೇ? ಸಿದ್ದಲಿಂಗಯ್ಯ ಒಬ್ಬರೇ "ಯಾರ ಮಗ ಅಂತ ಕೇಳಿದ ಮೇಲೆ ನಾವು ಜ್ಯೂರಿ ಅಲ್ಲ ಕಣ್ರಪ್ಪಾ, ನೆಂಟರು" ಅಂದು ಎದ್ದು ಹೋದರಂತೆ.

"ನೀವೇನು ಅಂದ್ರಿ?" ಕೇಳಿದೆ.

ಇವರು ಪೇಪರ್ ಬಿಡಿಸಿಕೊಂಡರು.


ಸೆಪ್ಟೆಂಬರ್ 7, ಗಣೇಶನ ಹಬ್ಬ

ಶರ್ವಾಣಿ ಬಂದಳು. ಹಬ್ಬದ ದಿನ, ಹಳೇ ಸೀರೆ. ಕಾಲಿಗೆ ಬೀಳುವುದಕ್ಕೆ ಬಂದಳು, ಹಿಡಿದೆ.

"ಆಂಟಿ, ಅವನು ರೂಮಿಂದ ಹೊರಗೇ ಬರ್ತಿಲ್ಲ. ಸುಳ್ಳು ಹೇಳಿ ಅಂತ ಕೇಳ್ತಿಲ್ಲ. ಆ ಹೂವಿನವನು ನಮ್ಮ ಲಾಯರ್ ಹತ್ರ ಅಂದನಂತೆ, ಅವರು ಒಂದು ಕೈ ಬಿಟ್ಟಿದ್ರು ಅಂತ. ಕೋರ್ಟಿಗೆ ಮಾತ್ರ ಬರಲ್ವಂತೆ. ನೀವು ನೋಡಿದ್ರೆ... ನಿಜಾನೇ ಹೇಳಿ, ಅಷ್ಟೇ ಸಾಕು."

ನಿಜವನ್ನೇ ಹೇಳಿ ಅಂತ ಬೇಡುವವರ ಮುಂದೆ ಇಷ್ಟು ಕಷ್ಟವಾಗುತ್ತದೆ ಅಂತ ಗೊತ್ತಿರಲಿಲ್ಲ. ನೋಡೋಣಮ್ಮ ಅಂದೆ. ಕಡುಬು ಕಟ್ಟಿಕೊಟ್ಟೆ.


ಜನವರಿ 14, 2025. ಸಂಕ್ರಾಂತಿ

ಕೋರ್ಟಿನಿಂದ ಏನೂ ಬಂದಿಲ್ಲ. ಮರೆತರೇನೋ. ಮರೆಯಲಿ.

ಎಳ್ಳು ಬೀರುವುದಕ್ಕೆ ಹಿಂದಿನ ರಸ್ತೆಗೆ ಹೋಗಲಿಲ್ಲ. ಆ ಗುಡಿಗೂ ಹೋಗುತ್ತಿಲ್ಲ. ಸುತ್ತು ಹಾಕಿಕೊಂಡು ತರಕಾರಿ ತರುತ್ತೇನೆ.


ನವೆಂಬರ್ 18, 2025. ಮಂಗಳವಾರ

ಬಂತು. ಸಮನ್ಸ್. ಟ್ರಾಫಿಕ್ ಕೋರ್ಟು, ಡಿಸೆಂಬರ್ 10.

ಬಿ.ಪಿ. ಮಾತ್ರೆ ಬೆಳಿಗ್ಗೆ ತೆಗೆದುಕೊಂಡೆನೋ ಇಲ್ಲವೋ ನೆನಪಿಲ್ಲ. ಇನ್ನೊಂದು ನುಂಗಿದೆ.


ನವೆಂಬರ್ 30, ಭಾನುವಾರ

ಸರ್ಕಾರಿ ವಕೀಲರ ಫೋನು. "ಸ್ಟೇಟ್‌ಮೆಂಟಲ್ಲಿ ಇರೋ ಹಾಗೇ ಹೇಳಿ ಮೇಡಂ. ಅತಿವೇಗ, ಅಜಾಗರೂಕತೆ. ಜಾಸ್ತಿ ಮಾತು ಬೇಡ."

ಶರ್ವಾಣಿಯ ಮೆಸೇಜು. ಕೈ ಮುಗಿದ ಚಿತ್ರ ಮಾತ್ರ. ಬೇರೆ ಅಕ್ಷರವಿಲ್ಲ.

ಮನೆಯಲ್ಲಿ ಇವರು. "ಕೈ ಬಿಟ್ಟಿದ್ದು ನೀನು ನೋಡಿದೀಯ ತಾನೇ? ಹೇಳು. ನಮ್ಮೋರ ಹುಡುಗನ ಜೀವನ ಕಣೇ. ಐದು ವರ್ಷದವರೆಗೂ ಹಾಕ್ಬಹುದಂತೆ."

"ನಮ್ಮೋರ ಹುಡುಗ ಅಂತಾನೇ ನಂಗೆ ಹೇಳೋಕೆ ಆಗ್ತಿಲ್ಲ ಕಣ್ರೀ. ಅವನು ಸಾರಕ್ಕಿ ಕಡೆ ಯಾವನೋ ಟೆಂಪೋ ಡ್ರೈವರ್ ಆಗಿದ್ರೆ ನೀವು ಈ ಮಾತು ಹೇಳ್ತಿದ್ರಾ?"

ಇವರು ಟಿವಿ ಹಾಕಿಕೊಂಡರು.

ನಿಜ ಹೇಳಬೇಕೆಂದರೆ ಇದೇ ನನ್ನ ಸಂಕಟ. ಹೇಳಿದರೆ ನಮ್ಮವರಿಗಾಗಿ ಹೇಳಿದಳು ಅನ್ನುತ್ತಾರೆ. ಹೇಳದಿದ್ದರೆ ಒಬ್ಬ ಹುಡುಗ ತನ್ನ ಅರ್ಧ ತಪ್ಪಿಗೆ ಪೂರ್ತಿ ಶಿಕ್ಷೆ ತಿನ್ನುತ್ತಾನೆ. ಗುಡಿ ಮುಂದೆ ಕೈಯೆತ್ತಿದ್ದು ಅಜಾಗರೂಕತೆಯೋ? ಇದನ್ನು ಯಾರು ಹೇಳಬೇಕು? ಆ ರಸ್ತೆ ನೋಡೇ ಇಲ್ಲದ ಜಡ್ಜೋ? ರಸ್ತೆ ಗೊತ್ತಿರುವ ಹನ್ನೆರಡು ಜನರನ್ನು ಕೂರಿಸಿದರೆ ಹನ್ನೆರಡೂ ಜನ ಅಲ್ಲೇ ಕೈ ಬಿಟ್ಟವರು. ತಮ್ಮನ್ನು ತಾವೇ ತಪ್ಪಿತಸ್ಥರು ಅಂದುಕೊಳ್ಳುತ್ತಾರೆಯೇ? ಒಂದು ಮಾತ್ರ ಹೌದು, ಅವರಾದರೂ ಕೂತು ಮಾತಾಡುತ್ತಾರೆ. ಒಬ್ಬರ ಹೊರೆ ಹನ್ನೆರಡು ಹೆಗಲಿಗೆ ಬೀಳುತ್ತದೆ. ನನಗೆ ಇರುವುದು ಎರಡೇ ಹೆಗಲು, ಅದರಲ್ಲಿ ಒಂದಕ್ಕೆ ಫ್ರೋಜನ್ ಶೋಲ್ಡರ್.


ಡಿಸೆಂಬರ್ 9, ಮಂಗಳವಾರ

ಮೆಟ್ರೋದಲ್ಲಿ ಹೋಗೋಣ ಅಂದರು ಇವರು. ಸ್ಕೂಟರ್ ಬೇಡವಂತೆ. ಯಾಕೆ ಅಂತ ನಾನು ಕೇಳಲಿಲ್ಲ.

ತೀರ್ಮಾನ ಮಾಡಿದ್ದೇನೆ. ಕೇಳಿದರೆ ಎರಡನ್ನೂ ಹೇಳುವುದು. ಕಾರು ನಿಲ್ಲಿಸಲಿಲ್ಲ. ಕೈ ಹ್ಯಾಂಡಲ್ ಮೇಲಿರಲಿಲ್ಲ. ಯಾರಿಗೆ ಎಷ್ಟು ಅಂತ ತೂಗುವುದು ನನ್ನ ಕೆಲಸವಲ್ಲ.

ಜಯದೇವಿಯೂ ಬಂದಿರುತ್ತಾರೆ. ಅವರ ಎದುರೇ ಹೇಳಬೇಕು. ಎರಡೂ ಕೈ ಅಂತ ನಾನೇ ಕಣ್ಣಲ್ಲಿ ಕಣ್ಣಿಟ್ಟು ಹೇಳಿದವಳು. ಗಂಡ ಹೋದ ಮೇಲೆ ಅದೊಂದು ಮಾತು ಹಿಡಿದುಕೊಂಡು ಬದುಕಿದ್ದಾರೋ ಏನೋ. ಅದನ್ನೂ ನಾನೇ ಕಿತ್ತುಕೊಳ್ಳಬೇಕು.


ಡಿಸೆಂಬರ್ 10, ಬುಧವಾರ, ಸಂಜೆ

ಈಗ ತಾನೇ ಬಂದೆವು. ಸೀರೆ ಬದಲಾಯಿಸಿಲ್ಲ. ಮೊದಲು ಬರೆಯಬೇಕು.

ಮಧ್ಯಾಹ್ನದವರೆಗೆ ಕಾಯಿಸಿದರು. ಕಟಕಟೆ ಅಂದರೆ ಏನೋ ಅಂದುಕೊಂಡಿದ್ದೆ, ಸೊಂಟದೆತ್ತರದ ಮರದ ಚೌಕಟ್ಟು ಅಷ್ಟೆ. ಫ್ಯಾನು ತಲೆಯ ಮೇಲೆ ಕಿರ್ ಅನ್ನುತ್ತಿತ್ತು. ವಿಶ್ರುತ್‌ನನ್ನು ಮೊದಲ ಸಲ ಸರಿಯಾಗಿ ನೋಡಿದೆ. ಎಳೆ ಮುಖ. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಗಾಗಿತ್ತು. ಹಿಂದಿನ ಸಾಲಿನಲ್ಲಿ ಜಯದೇವಿ, ಒಬ್ಬರೇ.

"ಕಾರು ಅತಿವೇಗವಾಗಿ ಬಂತಲ್ವಾ?" ಅಂದರು ಸರ್ಕಾರಿ ವಕೀಲರು.

"ವೇಗ ಹೇಳೋಕೆ ನಂಗೆ ಬರಲ್ಲ ಸಾರ್. ಮೇನ್ ರೋಡಿಗೆ ಬರೋವಾಗ ನಿಲ್ಲಿಸ್ಲಿಲ್ಲ, ಹಾರ್ನ್ ಮಾಡ್ಲಿಲ್ಲ. ಅಷ್ಟು ನೋಡಿದೆ."

ಅವರ ಮುಖ ಗಂಟಾಯಿತು. ಹುಡುಗನ ಪರ ಲಾಯರ್ ಎದ್ದರು. ನಯವಾದ ಮಾತು.

"ಮೃತರ ಎರಡೂ ಕೈ ಹ್ಯಾಂಡಲ್ ಮೇಲಿತ್ತೇನಮ್ಮಾ?"

ನೀರು ಕೇಳಿದೆ. ಕೊಟ್ಟರು. ಕುಡಿದೆ.

"ಇಲ್ಲ. ಬಲಗೈ ಬಿಟ್ಟಿದ್ರು. ಗುಡಿಗೆ ಕೈ ಮುಗಿದ್ರು. ಹಣೆ ಮುಟ್ಕೊಂಡ್ರು, ಆಮೇಲೆ ಎದೆ. ಕೈ ಎದೆ ಹತ್ರ ಇದ್ದಾಗ ಕಾರು ಬಂತು."

"ಅಂದ್ರೆ ಅವರ ಗಮನ ರಸ್ತೆ ಮೇಲೆ ಇರ್ಲಿಲ್ಲ."

"ಅದು ನಂಗೆ ಗೊತ್ತಿಲ್ಲ ಸಾರ್. ಆ ರಸ್ತೇಲಿ ಎಲ್ರೂ ಹಾಗೇ ಹೋಗೋದು. ನಮ್ಮೆಜಮಾನ್ರೂ ಹಾಗೇನೇ."

ಯಾರೋ ನಕ್ಕರು. ಜಡ್ಜ್ ನಗಲಿಲ್ಲ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟೈಪಿಸ್ಟ್‌ಗೆ ಹೇಳಿ ಬರೆಸುತ್ತಿದ್ದವರು ನಿಲ್ಲಿಸಿ ನನ್ನನ್ನೇ ನೋಡಿದರು. "ಇಷ್ಟು ದಿನ ಇದನ್ನ ಯಾಕೆ ಹೇಳ್ಲಿಲ್ಲಮ್ಮ?"

"ಯಾರೂ ಕೇಳ್ಲಿಲ್ಲ" ಅಂದೆ. ಪೂರ್ತಿ ನಿಜವಲ್ಲ. ಒಬ್ಬರು ಕೇಳಿದ್ದರು.

ಇಳಿದು ಹೊರಗೆ ಬಂದೆ. ಇವರು ಬಾಟಲಿಗೆ ನೀರು ತುಂಬಿಸಿಕೊಂಡು ಬರಲು ಹೋದರು. ಶರ್ವಾಣಿ ದೂರದಿಂದ ಕೈ ಮುಗಿದಳು, ತಲೆ ತಿರುಗಿಸಿಕೊಂಡೆ. ಕಾರಿಡಾರಿನ ಬೆಂಚಿನಲ್ಲಿ ಕೂತೆ. ಜಯದೇವಿ ಬರುವುದು ಕಾಣಿಸಿತು. ಬಯ್ಯಲಿ, ಬಯ್ಯಿಸಿಕೊಳ್ಳುವುದಕ್ಕೆ ತಯಾರಾಗಿದ್ದೆ.

ಪಕ್ಕದಲ್ಲಿ ಕೂತರು. ನನ್ನ ಕೈ ಹಿಡಿದರು. ಆಕೆಯ ಕೈ ಬಿಸಿಯಾಗಿತ್ತು.

"ಅಮ್ಮಾ, ಒಳಗಡೆ ಹೇಳಿದ್ದು ನಿಜಾನಾ? ಗುಡಿಗೇನಾ ಕೈ ಎತ್ತಿದ್ದು?"

"ನಿಜ ಕಣಮ್ಮ. ಕ್ಷಮಿಸಿ. ಅವತ್ತು ನಿಮ್ಮ ಹತ್ರ—"

"ಜೇಬಿಗೆ ಕೈ ಹಾಕಿರ್ಲಿಲ್ವಾ? ಫೋನ್ ತೆಗೀತಿರ್ಲಿಲ್ವಾ?"

"ಇಲ್ಲಮ್ಮ. ನಾನು ಎದುರಿಗೇ ಇದ್ನಲ್ಲ. ಗುಡಿ ಕಡೆ ನೋಡಿ ಕೈ ಮುಗಿದ್ರು."

ಆಕೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಕೋರ್ಟಿನ ಜನ ನೋಡುತ್ತ ಹೋಗುತ್ತಿದ್ದರು. ಆಮೇಲೆ ಬಿಟ್ಟು ಬಿಟ್ಟು ಹೇಳಿದರು.

"ಆ ಹೊತ್ನಲ್ಲಿ ನಾನು ಫೋನ್ ಮಾಡ್ತಾ ಇದ್ದೆ ಅಮ್ಮಾ. ಶ್ರಾವಣ ಸೋಮವಾರ, ಬರ್ತಾ ಬಿಲ್ವಪತ್ರೆ ತನ್ನಿ ಅನ್ನೋಕೆ. ರಿಂಗ್ ಆಗ್ತಾನೇ ಇತ್ತು, ತೆಗೀಲಿಲ್ಲ. ಮತ್ತೆ ಮಾಡ್ದೆ. ಒಂದು ಕೈ ಬಿಟ್ಟಿದ್ರು ಅಂತ ಹೂವಿನವ್ನು ಅಂದ. ನನ್ನ ಫೋನ್ ತೆಗೆಯೋಕೇ ಬಿಟ್ರು, ನಾನೇ ಕೊಂದೆ ಅಂದ್ಕೊಂಡೆ. ಮಗಳಿಗೂ ಹೇಳಿಲ್ಲ. ಅದಕ್ಕೇ ನಿಮ್ಮನೆಗೆ ಬಂದಿದ್ದು, ನೀವು ನೋಡಿದೀರಲ್ಲ, ಕೇಳೋಣ ಅಂತ."

ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದರು.

"ನೀವು ಎರಡೂ ಕೈ ಹ್ಯಾಂಡಲ್ ಮೇಲಿತ್ತು ಅಂದ್ರಿ. ಆಗ್ಲೇ ಗಟ್ಟಿಯಾಯ್ತು ನಂಗೆ. ಫೋನ್ ತೆಗೀತಿದ್ದದ್ದು ನೋಡಿದಾರೆ, ನನ್ನ ಮುಖ ನೋಡಿ ಮುಚ್ಚಿಡ್ತಿದಾರೆ ಅಂತ."

ಕೇಸು ಏನಾದರೂ ಆಗಲಿ ಅಂದರು. ಆ ಹುಡುಗನ ಮೇಲೂ ಸಿಟ್ಟಿಲ್ಲ, ಇವತ್ತು ಮಾತ್ರ ಇಲ್ಲ, ನಾಳೆ ಬಂದರೂ ಬರಬಹುದು ಅಂದರು. ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಎದ್ದು ಹೋದರು. ನನ್ನ ಕೈಯನ್ನು!

ಇವರು ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದಾರೆ. ಒಳ್ಳೆಯದಾಯಿತಲ್ಲ, ಆಕೆಗೆ ಸಮಾಧಾನವಾಯಿತಲ್ಲ, ಇನ್ನೇಕೆ ಅಳುತ್ತೀಯ ಅಂತ ಅಲ್ಲಿಂದಲೇ ಕೇಳುತ್ತಿದ್ದಾರೆ. ಹೇಗೆ ಹೇಳಲಿ ಇವರಿಗೆ? ವರ್ಷದ ಮೇಲಾಯಿತು. ಅಷ್ಟೂ ದಿನ ಆ ಹೆಣ್ಣುಮಗಳು ಬೆಳಗೆದ್ದು ಮಗಳಿಗೆ ಡಬ್ಬಿ ಕಟ್ಟಿ, ಅದೇ ಫೋನು ಕೈಯಲ್ಲಿ ಹಿಡಿದು... ಯಾರೂ ಹೊರಿಸದ ತಪ್ಪನ್ನು ಕನಿಕರದಿಂದ ನಾನು ಹೊರಿಸಿದೆ. ಅವತ್ತು ಕೇಳಿದಾಗಲೇ, ಆ ಒಂದು ಮಾತನ್ನು ನಾನು ಇದ್ದ ಹಾಗೇ ಹೇಳಿಬಿಟ್ಟಿದ್ದರೆ!